ಎಲೆ ನೋಡುವ ಮುನ್ನ: ಹತ್ತು ರೂಪಾಯಿ ಬೂಟಿನ ಪಣಮೀಮಾಂಸೆ

1. ವಿಷಯಪ್ರವೇಶ

ಎಲೆ ನೋಡಿದ ಮೇಲೆ ಹಣ ಹಾಕುವುದು ವ್ಯಾಪಾರ. ನೋಡುವ ಮುನ್ನವೇ ಹಾಕುವುದು ದರ್ಶನಶಾಸ್ತ್ರ. ಕನ್ನಡದ ಪೂರ್ವಸೂರಿಗಳು ಯಾವ ವಿದ್ಯೆಯನ್ನೂ ಬಿಟ್ಟವರಲ್ಲ. ನಾಗವರ್ಮ ಛಂದಸ್ಸಿಗೆ ಲಕ್ಷಣ ಹೇಳಿದ, ಕೇಶಿರಾಜ ವ್ಯಾಕರಣಕ್ಕೆ ಹೇಳಿದ, ಮೂರನೆಯ ಮಂಗರಸ ಅಡುಗೆಗೂ ಒಂದು ಶಾಸ್ತ್ರ ಬರೆದಿಟ್ಟ. ಮಳೆಗಾಲದ ರಾತ್ರಿ ಜಗಲಿಯಲ್ಲಿ ಚಾಪೆ ಹಾಸಿ, ಮೂರೆಲೆಯನ್ನು ಬೋರಲಾಗಿಯೇ ಬಿಟ್ಟು, “ನಂದು ಬ್ಲೈಂಡ್” ಎಂದು ಹತ್ತರ ನೋಟು ಎಸೆಯುವವನಿಗೆ ಮಾತ್ರ ಲಕ್ಷಣಗ್ರಂಥ ಒದಗಲಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪ. ಆಯ್ಕೆಗೆ ಕಾರಣ ಮೂರು. ಒಂದು, ಇಲ್ಲಿ ಮಳೆ ಹಿಡಿದರೆ ಹೊರಗೆ ಹೋಗಲು ಕಾರಣವೂ ಉಳಿಯುವುದಿಲ್ಲ, ದಾರಿಯೂ ಉಳಿಯುವುದಿಲ್ಲ. ಎರಡು, ಅಡಿಕೆ ಬೆಳೆಗಾರನ ಕೈಗೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಚಿಂತೆ ದಿನಾ ಬರುತ್ತದೆ. ಇವೆರಡರ ನಡುವಿನ ಬಿಡುವು ಸಂಶೋಧನೆಗೆ ಅನುಕೂಲ. ಮೂರು, ಶಾರದೆಯ ಶೃಂಗೇರಿ ಪಕ್ಕದ ಸೀಮೆಯಾದ್ದರಿಂದ ಇಲ್ಲಿ ತರ್ಕಕ್ಕೆ ಬರವಿಲ್ಲ. ಸೋತವನು ತಾನು ಸೋತದ್ದೇ ಸರಿ ಎಂದು ಮಧ್ಯರಾತ್ರಿಯವರೆಗೆ ಸಾಧಿಸಬಲ್ಲ.

2. ಅನುಬಂಧ ನಿರ್ಣಯ

ಯಾವುದೇ ಶಾಸ್ತ್ರ ತನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳನ್ನು ಮೊದಲೇ ಹೇಳಬೇಕೆಂಬುದು ಸಂಪ್ರದಾಯ.

ಅಧಿಕಾರಿ: ಜೇಬಿನಲ್ಲಿ ಇನ್ನೂರು ರೂಪಾಯಿ ಚಿಲ್ಲರೆ ಇರುವವನು, ಮತ್ತು ಮನೆಯಲ್ಲಿ ಸೊಸೈಟಿ ಮೀಟಿಂಗ್ ಇದೆಯೆಂದು ಹೇಳಿ ಬಂದವನು. ಐನೂರರ ನೋಟು ಮಾತ್ರ ಇರುವವನಿಗೆ ಅಧಿಕಾರವಿಲ್ಲ; ಅವನಿಗೆ ಚಿಲ್ಲರೆ ಕೊಡುವುದರಲ್ಲೇ ರಾತ್ರಿ ಕಳೆಯುತ್ತದೆ.

ವಿಷಯ: ಮೂರೆಲೆ ಆಟದಲ್ಲಿ ಎಲೆ ನೋಡುವ ಮೊದಲಿನ ಪಣ.

ಸಂಬಂಧ: ಆಡುವವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಸಂಬಂಧಿಕರು. ಹಾಗಾಗಿ ಸಾಲ ವಸೂಲಾಗುವುದಿಲ್ಲ.

ಪ್ರಯೋಜನ: ಕೊನೆಯ ಅಧ್ಯಾಯದಲ್ಲಿ ಹೇಳಲಾಗುವುದು. ಅಲ್ಲಿಯವರೆಗೆ ಓದುಗರು ಕುರುಡಾಗಿಯೇ ಮುಂದುವರಿಯಬೇಕು. ಈ ಶಾಸ್ತ್ರದ ಮೊದಲ ಅಭ್ಯಾಸ ಅದು.

3. ಇತಿಹಾಸ ವಿಚಾರ

ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ ಜೂಜುಗಾರನ ಅಳಲು. ಅಲ್ಲಿನ ದಾಳಗಳು ತಾರೆಮರದ ಕಾಯಿಗಳು. ತಾರೆಮರ ಭದ್ರಾ ಕಾಡಿನಲ್ಲಿ ಈಗಲೂ ಬೇಕಾದಷ್ಟಿದೆ. ಆದ್ದರಿಂದ ವೇದಕಾಲದ ಜೂಜುಗಾರ ಈ ಸೀಮೆಯವನೇ ಎಂದು ಸಾಧಿಸಲು ನಾಡಿನ ಯಾವ ಸಂಶೋಧಕನಿಗೂ ಇಷ್ಟು ಸಾಕ್ಷ್ಯ ಸಾಕು. ನಾವು ಮಾತ್ರ ಆ ಆಸೆಯನ್ನು ಹತ್ತಿಕ್ಕಿಕೊಂಡಿದ್ದೇವೆ.

ಎರಡನೆಯ ಸಾಕ್ಷ್ಯ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಛದ್’ ಎಂಬ ಗಂಜೀಫಾ ಎಲೆಯಾಟಗಳನ್ನು ತಾವೇ ರೂಪಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಚಾಮುಂಡೇಶ್ವರಿ ಛದ್ ಎಂಬ ಆಟಕ್ಕೆ 320 ಎಲೆಗಳು ಬೇಕು. ಅಷ್ಟು ಎಲೆ ಕಲಸಿ ಹಂಚುವಷ್ಟರಲ್ಲಿ ಸಾಮಾನ್ಯ ಮನುಷ್ಯನಿಗೆ ಬೆಳಗಾಗುತ್ತದೆ. ಆಸ್ಥಾನದಲ್ಲಿ ಬೆಳಗಾದರೂ ತೊಂದರೆಯಿಲ್ಲ, ಹಾಲು ಕರೆಯುವವರು ಬೇರೆ ಇರುತ್ತಾರೆ. ಇನ್ನು, ಎಡೆಹಳ್ಳಿ ಎಂಬ ಊರು 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಿಂದ ನರಸಿಂಹರಾಜಪುರವಾಯಿತು. ಯುವರಾಜರ ಜೊತೆಗೇ ಅರಮನೆಯ ಎಲೆಯಾಟವೂ ತಾಲ್ಲೂಕಿಗೆ ಬಂದಿಳಿಯಿತು ಎಂದು ಬರೆದರೆ ವಾಕ್ಯ ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಆಧಾರವಿಲ್ಲ. ಮೂರೆಲೆ ಬಂದದ್ದು ಇಂಗ್ಲಿಷರ ‘ಬ್ರ್ಯಾಗ್’ ಆಟದ ಕುಲದಿಂದ. 52 ಎಲೆಯ ಪ್ಯಾಕು ಬಂದದ್ದು ಪೇಟೆಯ ಅಂಗಡಿಯಿಂದ. ಅದರಲ್ಲಿ ಈಗ 51 ಎಲೆ ಇರುವುದು ಮನೆಯ ಮಕ್ಕಳಿಂದ.

4. ಪೂರ್ವಪಕ್ಷ: ಪೋಕರ್ ಪಂಡಿತರ ವಾದ

ನಮ್ಮ ಎದುರಾಳಿಗಳು ಟೆಕ್ಸಾಸ್ ಹೋಲ್ಡೆಮ್ ಪೋಕರ್ ಪಂಡಿತರು. ಅವರ ಆಟದಲ್ಲಿ ಪ್ರತಿಯೊಬ್ಬನ ಕೈಗೆ ಎರಡೆಲೆ ಬರುತ್ತದೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಮೂರೆಲೆ ಬಿಚ್ಚುವುದಕ್ಕೆ ಫ್ಲಾಪ್ ಎನ್ನುತ್ತಾರೆ. ಅದಕ್ಕೆ ಮುಂಚಿನ ಪಣವೇ ಪ್ರೀಫ್ಲಾಪ್. ಈ ಒಂದು ಗಳಿಗೆಯ ಮೇಲೆ ಅವರು ಕಪಾಟು ತುಂಬುವಷ್ಟು ಬರೆದಿದ್ದಾರೆ. ಎರಡೆಲೆಯ ಜೊತೆಗಳು ಒಟ್ಟು 1326. ಎರಡೂ ಒಂದೇ ಬಣ್ಣವೋ ಬೇರೆಬೇರೆಯೋ ಎಂಬುದನ್ನಷ್ಟೇ ನೋಡಿ ಎಣಿಸಿದರೆ 169 ಜಾತಿ. ಡೇವಿಡ್ ಸ್ಕ್ಲಾನ್ಸ್ಕಿ ಎಂಬ ಆಚಾರ್ಯರು 1976ರಲ್ಲೇ ಇವನ್ನು ತರತಮಕ್ಕೆ ತಕ್ಕಂತೆ ಪಂಗಡ ಮಾಡಿ, ಯಾವ ಪಂಗಡವನ್ನು ಯಾವ ಜಾಗದಲ್ಲಿ ಕುಳಿತಾಗ ಆಡಬಹುದು ಎಂದು ವಿಧಿ ಬರೆದರು. ಅದಕ್ಕೂ ಮೊದಲು 1944ರಲ್ಲಿ ಫಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ ತಮ್ಮ ಆಟಸಿದ್ಧಾಂತದ ಮಹಾಗ್ರಂಥದಲ್ಲಿ ಪೋಕರ್‌ನ ಸುಳ್ಳುಬೆದರಿಕೆಗೂ ಗಣಿತದಲ್ಲಿ ಜಾಗ ಕೊಟ್ಟಿದ್ದರು.

ಅವರ ವಾದದ ಸಾರ ಇಷ್ಟು. ಒಳ್ಳೆಯ ಎಲೆ ಬಂದರೆ ಮೊದಲೇ ಪಣ ಏರಿಸು. ಏರಿಸಿದರೆ ಕೆಟ್ಟ ಎಲೆಯವರು ಹೆದರಿ ಬಿಡುತ್ತಾರೆ. ಎದುರಾಳಿ ಕಡಿಮೆಯಾದಷ್ಟೂ ನಿನ್ನ ಎಲೆಗೆ ಬಲ. ಎರಡು ಎಕ್ಕ ಕೈಗೆ ಬರುವುದು 221ಕ್ಕೆ ಒಂದು ಸಲ. ಎದುರಿಗೆ ಒಬ್ಬನೇ ಇದ್ದರೆ ಆ ಜೋಡಿ ನೂರಕ್ಕೆ 85 ಸಲ ಗೆಲ್ಲುತ್ತದೆ. ನಾಲ್ವರು ಪಟ್ಟುಹಿಡಿದು ಕುಳಿತರೆ ಗೆಲ್ಲುವುದು 56ರ ಹತ್ತಿರ. ಎಂಟು ಮಂದಿ ಉಳಿದರೆ ಸುಮಾರು 35. ಅಂದರೆ ಜಗತ್ತಿನ ಅತಿಶ್ರೇಷ್ಠ ಎಲೆಯೂ ತುಂಬಿದ ಚಾಪೆಯ ಮೇಲೆ ಮೂರರಲ್ಲಿ ಎರಡು ಸಲ ಸೋಲುತ್ತದೆ.

ಈ ವಾದಕ್ಕೆ ಆಧಾರವಾದ ಕಂಬ ಒಂದೇ: ‘ಹೆದರಿ ಬಿಡುತ್ತಾರೆ.’ ಮುತ್ತಿನಕೊಪ್ಪದಲ್ಲಿ ಆ ಕಂಬವೇ ಇಲ್ಲ.

5. ಗಣಿತ ಕಾಂಡ

ಈಗ ನಮ್ಮ ಮೂರೆಲೆಗೆ ಬರೋಣ. 52 ಎಲೆಯಲ್ಲಿ ಮೂರು ಎತ್ತುವ ಬಗೆ ಒಟ್ಟು 22,100. ಅದರಲ್ಲಿ ಒಂದೇ ಅಂಕಿಯ ಮೂರು ಎಲೆ 52 ಬಗೆ, ಒಂದೇ ಬಣ್ಣದ ಸಾಲು 48, ಬರಿಯ ಸಾಲು 720, ಸಾಲಲ್ಲದ ಒಂದೇ ಬಣ್ಣದ ಕಲರ್ 1,096, ಜೋಡಿ 3,744. ಉಳಿದ 16,440 ಯಾತಕ್ಕೂ ಬಾರದವು. ಎಂದರೆ ನಾಲ್ಕಕ್ಕೆ ಮೂರು ಸಲ ನಿಮ್ಮ ಕೈಗೆ ಬರುವುದು ಕಸ. ಈ ಸತ್ಯವನ್ನು ಗಣಿತಜ್ಞರು ಲೆಕ್ಕ ಹಾಕಿ ತಿಳಿಯುತ್ತಾರೆ. ಜಗಲಿಯವರು “ಥೂ, ಇವತ್ತು ಯಾರ ಮುಖ ನೋಡಿ ಎದ್ದೆನೋ” ಎಂಬ ಸೂತ್ರದಿಂದ ತಿಳಿಯುತ್ತಾರೆ.

22,100 ಕೈಗಳನ್ನು ಮೇಲಿನಿಂದ ಕೆಳಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಕೈ ಯಾವುದು? ರಾಜ, ಹತ್ತು, ಎರಡು. ಇದು ಹಾಸ್ಯವಲ್ಲ, ಎಣಿಸಿ ನೋಡಬಹುದು. ಒಬ್ಬನೇ ಎದುರಾಳಿಯಿದ್ದು ಅವನೂ ಎಲೆ ನೋಡದೆ ಕುಳಿತಿದ್ದರೆ, ರಾಜ-ಹತ್ತು-ಎರಡಕ್ಕಿಂತ ಮೇಲಿನ ಯಾವ ಕೈಯೂ ಅವನದಕ್ಕಿಂತ ವಾಸಿ ಎಂದು ನಂಬಲು ಅಡ್ಡಿಯಿಲ್ಲ. ರಾಜ ಕಂಡ ಕೂಡಲೇ ಎದೆಯುಬ್ಬಿಸುವವರು, ರಾಜ ಇಲ್ಲಿ ಸರಾಸರಿ ಪ್ರಜೆ ಎಂಬುದನ್ನು ಗಮನಿಸಬೇಕು.

ಐದು ಮಂದಿ ಕುಳಿತಾಗ ಚಿತ್ರ ಬದಲಾಗುತ್ತದೆ. ನಾಲ್ವರ ಕುರುಡು ಎಲೆಗಳನ್ನು ಅರ್ಧಕ್ಕರ್ಧ ಸಲ ಹೊಡೆಯಬೇಕಾದರೆ ಸುಮಾರಾಗಿ ಒಂಬತ್ತರ ಜೋಡಿ ಬೇಕು. ಮೂರೆಲೆಯ ಕಟ್ಟಳೆ ಇನ್ನೊಂದಿದೆ: ನೋಡಿದವನು ಬ್ಲೈಂಡ್‌ನವನ ಎರಡರಷ್ಟು ಹಾಕಬೇಕು. ಜ್ಞಾನಕ್ಕೆ ದುಪ್ಪಟ್ಟು ತೆರಿಗೆ, ಅಜ್ಞಾನಕ್ಕೆ ಅರ್ಧ ರಿಯಾಯಿತಿ. ನಾಲ್ವರು ಹತ್ತು ಹತ್ತು ಹಾಕುವಲ್ಲಿ ನೀವು ಇಪ್ಪತ್ತು ಹಾಕುತ್ತೀರಿ; ಸುತ್ತಿನ ಅರವತ್ತರಲ್ಲಿ ಮೂರನೆಯ ಒಂದು ಪಾಲು ನಿಮ್ಮದೇ. ಮೂರಕ್ಕೊಂದು ಸಲವಾದರೂ ಗೆಲ್ಲದಿದ್ದರೆ ನಷ್ಟ. ಲೆಕ್ಕ ಬಿಡಿಸಿದರೆ ಬರುವ ವಿಧಿ ಬಹಳ ಸರಳ: ಎಲೆ ನೋಡಿ, ಜೋಡಿಯಾದರೂ ಇದ್ದರೆ ಕೂತುಕೋ, ಇಲ್ಲದಿದ್ದರೆ ಎಲೆ ಬಿಸಾಡಿ ಪ್ಯಾಕ್ ಮಾಡು.

ಇಷ್ಟು ಹಣ ಸೇರಿದ ಮೇಲೆ ಉಳಿದವರೆಲ್ಲ ಎಲೆ ಬಿಚ್ಚಬೇಕು ಎಂಬ ಕರಾರು ಕೆಲವು ಮನೆಗಳಲ್ಲಿ ಇರುತ್ತದೆ. ಅಂಥಲ್ಲಿ ಉಳಿದ ನಾಲ್ವರೂ ಮೂರು ಸುತ್ತು ಕುರುಡಾಗಿಯೇ ಕುಳಿತರೆಂದು ಇಟ್ಟುಕೊಳ್ಳಿ. ಎಲೆ ಹಂಚುವ ಮುನ್ನ ಐವರೂ ಹತ್ತು ಹತ್ತು ಹಾಕಿದ ಬೂಟಿನ ಐವತ್ತು ಸೇರಿ ಚಾಪೆಯ ಮೇಲೆ 230 ರೂಪಾಯಿ. ಜೋಡಿ ಅಥವಾ ಮೇಲಿನ ಕೈಗಳು ಸರಾಸರಿ ನೂರಕ್ಕೆ 60 ಸಲ ಗೆಲ್ಲುತ್ತವೆ. ಅಂದರೆ ಸುಮಾರು 140 ರೂಪಾಯಿ. ನೀವು ಹಾಕಿದ್ದು 70. ಉಳಿತಾಯ 70. ಇದಕ್ಕೆ ಮೊದಲು ಪ್ಯಾಕ್ ಮಾಡಿದ ಮೂರು ಆಟಗಳ ಬೂಟು 30 ಕಳೆಯಿರಿ. ನಾಲ್ಕು ಆಟಕ್ಕೆ ನಿವ್ವಳ ಲಾಭ ಸುಮಾರು 40 ರೂಪಾಯಿ.

ಶಾಸ್ತ್ರ ಸಿದ್ಧವಾಯಿತು. ಇನ್ನು ಅದನ್ನು ಪಾಲಿಸುವವನು ಸಿಗಬೇಕು.

6. ಸಿದ್ಧಾಂತ: ಮುತ್ತಿನಕೊಪ್ಪದ ಸೂತ್ರಗಳು

ಸೂತ್ರ: ಸಣ್ಣ ಪಣಕ್ಕೆ ಯಾರೂ ಹೆದರರು.

ಭಾಷ್ಯ: ಪೋಕರ್ ಪಂಡಿತ ಹತ್ತನ್ನು ನಲವತ್ತಕ್ಕೆ ಏರಿಸಿ ಎದುರಾಳಿ ಬಿಡುವನೆಂದು ಕಾಯುತ್ತಾನೆ. ಇಲ್ಲಿ ಸಿಗುವ ಉತ್ತರ, “ನಲವತ್ತು ರುಪಾಯಲ್ಲಿ ಎಂತ ಬರ್ತದೆ ಮಾರಾಯ ಈಗ? ಹಾಕು.” ಅದೇ ವ್ಯಕ್ತಿ ಬೆಳಗ್ಗೆ ಅಂಗಡಿಯಲ್ಲಿ ಕಟ್ಟು ಬಸಳೆಗೆ ಐದು ರೂಪಾಯಿ ಜಾಸ್ತಿಯಾಯಿತೆಂದು ವಾಪಸು ಇಟ್ಟುಬಂದವನು. ಹಣದ ಬೆಲೆ ಸ್ಥಳಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬ ಅರ್ಥಶಾಸ್ತ್ರದ ತತ್ತ್ವಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಸುಳ್ಳುಬೆದರಿಕೆ ಕೆಲಸ ಮಾಡಬೇಕಾದರೆ ಎದುರಿನವನಿಗೆ ಕಳೆದುಕೊಳ್ಳುವ ಭಯ ಇರಬೇಕು. ಹತ್ತು ರೂಪಾಯಿಯ ಆಟದಲ್ಲಿ ಭಯಕ್ಕೆ ಬೇಕಾದ ಬಂಡವಾಳವೇ ಇಲ್ಲ.

ಸೂತ್ರ: ಪ್ಯಾಕ್ ಮಾಡಿದವನೇ ಚಾ ತರತಕ್ಕದ್ದು.

ಭಾಷ್ಯ: ಗಣಿತ ಕಾಂಡವು ನಾಲ್ಕಕ್ಕೆ ಮೂರು ಸಲ ಎಲೆ ಬಿಸಾಡು ಎನ್ನುತ್ತದೆ. ಬಿಸಾಡಿದವನು ಸುಮ್ಮನೆ ಕುಳಿತಿರುತ್ತಾನೆ. ಸುಮ್ಮನೆ ಕುಳಿತವನಿಗೆ ಕೆಲಸ ಹಚ್ಚುವುದು ಮನುಷ್ಯಸಹಜ. “ಒಳಗೆ ಚಾ ಆಯ್ತಾ ನೋಡು”, “ಕೊಟ್ಟಿಗೆ ಬಾಗಿಲು ಹಾಕಿದ್ಯಾ ನೋಡು”, “ನಿನ್ನ ಮೊಬೈಲಲ್ಲಿ ಅಡಿಕೆ ರೇಟು ಎಷ್ಟಾಗಿದೆ ನೋಡು.” ಶಾಸ್ತ್ರೋಕ್ತವಾಗಿ ಆಡಿದವನು ನಲವತ್ತು ರೂಪಾಯಿ ಲಾಭಕ್ಕೆ ಮೂರು ಸಲ ಎದ್ದು ಕೂರಬೇಕು. ಅಡಿಕೆ ಸುಲಿಯುವವರ ರಾತ್ರಿಯ ಕೂಲಿಯೇ ಇದಕ್ಕಿಂತ ಲೇಸು, ಅಲ್ಲಿ ಚಾ ಅವರಿದ್ದಲ್ಲಿಗೇ ಬರುತ್ತದೆ.

ಸೂತ್ರ: ಭಾವನ ಸಂಗಡ ಸೈಡ್ ಶೋ ಸಲ್ಲದು.

ಭಾಷ್ಯ: ಪಕ್ಕದವನ ಎಲೆಯನ್ನು ಗುಟ್ಟಾಗಿ ಹೋಲಿಸಿ ನೋಡುವ ಹಕ್ಕಿಗೆ ಸೈಡ್ ಶೋ ಎಂದು ಹೆಸರು. ಅಕ್ಕನ ಗಂಡ ಬರೀ ಏಳು, ಮೂರು, ಎರಡನ್ನು ಇಟ್ಟುಕೊಂಡು ಎಂಬತ್ತು ರೂಪಾಯಿ ಹಾಕಿದ್ದನ್ನು ಕಣ್ಣಾರೆ ಕಂಡವನು ಮರುದಿನ ಅಕ್ಕನ ಮುಂದೆ ಮುಖ ಹೇಗೆ ಇಟ್ಟುಕೊಳ್ಳಬೇಕು? ಕೆಲವು ಜ್ಞಾನಗಳು ಕುಟುಂಬಕ್ಕೆ ಹಿತವಲ್ಲ.

ಉಪವಿವಾದ: ಕರೆಂಟು ಹೋದಾಗ, ಆಗಲೇ ಎಲೆ ನೋಡಿದವನು ನೋಡಿದವನೋ ಬ್ಲೈಂಡೋ? ಇದರಲ್ಲಿ ಎರಡು ಪಂಥ. ಒಮ್ಮೆ ಬಂದ ಜ್ಞಾನ ದೀಪ ಆರಿದರೂ ಆರದು, ಆದ್ದರಿಂದ ದುಪ್ಪಟ್ಟು ಹಾಕಲೇಬೇಕೆಂದು ಒಂದು ಪಂಥ. ತನ್ನ ಎಲೆ ಯಾವುದೆಂದೇ ತನಗೀಗ ನೆನಪಿಲ್ಲ, ಆದ್ದರಿಂದ ತಾನು ಹೊಸದಾಗಿ ಬ್ಲೈಂಡ್ ಎಂದು ಇನ್ನೊಂದು ಪಂಥ. ಎರಡನೆಯದನ್ನು ಎತ್ತಿಹಿಡಿಯುವವನು ಸಾಮಾನ್ಯವಾಗಿ ಕೆಟ್ಟ ಎಲೆಯವನಾಗಿರುತ್ತಾನೆ. ಕರೆಂಟು ಬಂದ ಮೇಲೆ ಚಾಪೆಯ ಮೇಲಿನ ಹಣ ಹತ್ತು ರೂಪಾಯಿ ಕಡಿಮೆ ಕಂಡರೆ ಅದಕ್ಕೆ ಪ್ರತ್ಯಕ್ಷ ಪ್ರಮಾಣವಿಲ್ಲ. ಅನುಮಾನ ಪ್ರಮಾಣ ಉಂಟು, ಅದು ಎಲ್ಲರ ಮೇಲೂ ಉಂಟು.

7. ಇಪ್ಪತ್ತೆಂಟು ಪ್ರಕರಣ

ಮೂರೆಲೆಯಲ್ಲಿ ಎಲ್ಲವೂ ಕತ್ತಲು, ಪೋಕರ್‌ನಲ್ಲಿ ಅರೆಬೆಳಕು. ಎರಡರ ನಡುವಿನ ಹದ ತೋರಿಸುವ ಆಟವೊಂದಿದೆ: ಇಪ್ಪತ್ತೆಂಟು. ಕೇರಳದಲ್ಲಿ ಮನೆಮಾತಾದ ಆಟ. ಕೇರಳದಿಂದ ಬಂದು ರಬ್ಬರು ಹಾಕಿ ನೆಲೆನಿಂತ ಕುಟುಂಬಗಳು ಎನ್.ಆರ್. ಪುರ ಸೀಮೆಯಲ್ಲಿ ಬಹಳ ಇರುವುದರಿಂದ ಇದನ್ನು ಪರದೇಶದ ಆಟವೆಂದು ಬದಿಗೆ ಸರಿಸುವಂತಿಲ್ಲ.

ಏಳರಿಂದ ಎಕ್ಕದವರೆಗಿನ 32 ಎಲೆ. ಇಲ್ಲಿ ರಾಜರಾಣಿಯರಿಗೆ ಬೆಲೆಯೇ ಇಲ್ಲ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಒಟ್ಟು 28. ಮೊದಲು ನಾಲ್ಕೇ ಎಲೆ ಹಂಚುತ್ತಾರೆ. ಆ ನಾಲ್ಕನ್ನು ನೋಡಿ ಹದಿನಾಲ್ಕರಿಂದ ಮೇಲಕ್ಕೆ ಸವಾಲು ಕೂಗಬೇಕು. ಗೆದ್ದವನು ತುರುಪನ್ನು ಬೋರಲು ಇಡುತ್ತಾನೆ. ಉಳಿದ ನಾಲ್ಕೆಲೆ ಬರುವುದು ಆಮೇಲೆ. ನಾಲ್ಕೆಲೆಯಲ್ಲಿ ಒಬ್ಬ ಗುಲಾಮನಾದರೂ ಇರುವ ಸಾಧ್ಯತೆ ನೂರಕ್ಕೆ 43. ಆದರೂ ಸವಾಲು ಕೂಗದೆ ಸುಮ್ಮನಿರುವವರ ಸಂಖ್ಯೆ ನೂರಕ್ಕೆ 57 ಆಗಿರುವುದಿಲ್ಲ. ಕಾರಣ, ಎದುರಿಗೆ ಜೊತೆಗಾರ ಕುಳಿತಿರುತ್ತಾನೆ. ತನ್ನ ಕೈಯಲ್ಲಿಲ್ಲದ್ದು ಅವನ ಕೈಯಲ್ಲಿ ಇರಲೇಬೇಕು ಎಂಬ ಶ್ರದ್ಧೆಯಿಂದ ಹದಿನೆಂಟು ಕೂಗಲಾಗುತ್ತದೆ. ಅವನೂ ಅದೇ ಶ್ರದ್ಧೆಯಲ್ಲಿ ಇರುತ್ತಾನೆ. ಆಟ ಸೋತ ಮೇಲೆ ಇಬ್ಬರ ನಡುವೆ ನಡೆಯುವ ವಾದವನ್ನು ಗ್ರಂಥಸ್ಥಗೊಳಿಸುವುದು ಶಿಷ್ಟಾಚಾರವಲ್ಲ.

8. ಚೇಣಿ ದೃಷ್ಟಾಂತ

ಹೀಗೇಕೆ? ಹೆದರಲು ಮುತ್ತಿನಕೊಪ್ಪದವರಿಗೆ ಬಾರದೇ? ಇಲ್ಲಿ ನಮ್ಮ ಪ್ರಬಂಧ ಚಾಪೆಯಿಂದ ತೋಟಕ್ಕೆ ಇಳಿಯಬೇಕು.

ಅಡಿಕೆಯನ್ನು ಚೇಣಿಗೆ, ಎಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ, ಹಿಡಿಯುವವನು ಕೊಯ್ಲಿಗೆ ಮುಂಚೆಯೇ ತೋಟಕ್ಕೆ ಬರುತ್ತಾನೆ. ಕತ್ತು ಎತ್ತಿ ಗೊನೆ ನೋಡುತ್ತಾನೆ, ಬಾಯಲ್ಲಿದ್ದ ಕವಳ ಉಗಿಯುತ್ತಾನೆ, ಇಷ್ಟು ಕ್ವಿಂಟಲ್ ಆಗಬಹುದು ಎಂದು ಮನಸ್ಸಿನಲ್ಲೇ ಗುಣಿಸಿ ಮಾತು ಮುಗಿಸಿ ಮುಂಗಡ ಕೊಡುತ್ತಾನೆ. ಅವನು ನೋಡಿದ್ದು ನಾಲ್ಕೆಲೆ ಮಾತ್ರ. ಮಳೆ, ಕೊಳೆರೋಗ, ಮಂಗ, ಶಿವಮೊಗ್ಗ ಮಂಡಿಯ ಧಾರಣೆ, ಇವು ಆಮೇಲೆ ಬರುವ ನಾಲ್ಕು. ಕೊಟ್ಟ ಮಾಲೀಕನದೂ ಅದೇ ಕಥೆ: ಧಾರಣೆ ಏರಿದರೆ ಅವನು ಸೋತ, ಇಳಿದರೆ ಗೆದ್ದ. ಚೇಣಿಗೆ ಕೊಡದೆ ತಾನೇ ಕೊಯ್ದು ಬೇಯಿಸಿ ಒಣಗಿಸುವವನು ಎಲೆ ನೋಡಿದವನಂತೆ ದುಪ್ಪಟ್ಟು ಖರ್ಚು ಹಾಕಿ ಕೂತವನು.

ಬೋರ್ಡೋ ದ್ರಾವಣದ ಕಥೆಯೂ ಬೇರೆಯಲ್ಲ. ಕೊಳೆರೋಗ ಬರುವ ಮುಂಚೆಯೇ, ಮುಂಗಾರಿನ ಬಾಯಲ್ಲಿ, ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಸುಣ್ಣ ಸೇರಿಸಿ ನೂರು ಲೀಟರ್ ಮಾಡಿ ಗೊನೆಗೆ ಹೊಡೆಯಬೇಕು. ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಹೊಡೆದ ಮರುಗಳಿಗೆಯೇ ಮಳೆ ಸುರಿದರೆ ಬೂಟು ಹೋಯಿತು. ಹೊಡೆಯದೇ ಇದ್ದರೆ ಗೊನೆಯೇ ಹೋಯಿತು. ವರ್ಷದ ಬಾಳುವೆಯನ್ನೇ ಎಲೆ ನೋಡದೆ ಪಣಕ್ಕಿಟ್ಟು ಬಂದವನ ಮುಂದೆ ನೀವು ನಲವತ್ತು ರೂಪಾಯಿ ಏರಿಸಿ ಹೆದರಿಸಲು ಹೊರಟರೆ ಅವನು ನಗದೆ ಇನ್ನೇನು ಮಾಡಿಯಾನು? ಅವನು ಚಾಪೆಗೆ ಬಂದದ್ದು ಹಣ ಗೆಲ್ಲುವುದಕ್ಕಲ್ಲ. ಸೋತರೂ ಬೆಳಗ್ಗೆ ಏನೂ ಬದಲಾಗದ ಒಂದು ಪಣವನ್ನು ವರ್ಷಕ್ಕೊಮ್ಮೆಯಾದರೂ ಕಟ್ಟುವ ಸುಖಕ್ಕೆ ಬಂದಿದ್ದಾನೆ. ಈ ಸುಖದ ಬೆಲೆ ಆಟಕ್ಕೆ ಹತ್ತು ರೂಪಾಯಿ, ಚಾ ಸೇರಿ.

9. ವ್ಯವಹಾರ ಕಾಂಡ

ಸ್ಮೃತಿಕಾರರ ಅಭಿಪ್ರಾಯ ನೋಡದೆ ಶಾಸ್ತ್ರ ಮುಗಿಯದು. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. ಎಲೆ ನೆನಪಿಡಬೇಕು, ಹಿಡಿದಿಡುವುದು ಬಿಡುವುದು ಗೊತ್ತಿರಬೇಕು ಎಂಬುದು ಕಾರಣ. ಅದೇ ತೀರ್ಪಿನಲ್ಲಿ ಮೂರೆಲೆಯ ಫ್ಲಶ್ ಆಟವನ್ನು ಬರಿಯ ಅದೃಷ್ಟದ ಆಟವೆಂದು ಪಕ್ಕಕ್ಕಿಟ್ಟಿತು. ಮುತ್ತಿನಕೊಪ್ಪದ ವಿದ್ವತ್‌ಸಮೂಹಕ್ಕೆ ಇದರಿಂದ ಆದ ನೋವು ಸಣ್ಣದಲ್ಲ. ಇಷ್ಟು ವರ್ಷ ಸೋತದ್ದು ಕೌಶಲವಿಲ್ಲದೆ ಅಲ್ಲ ಎಂದು ಅರ್ಥವಾದ ಮೇಲೆ ಅದೇ ತೀರ್ಪು ಸಮಾಧಾನವನ್ನೂ ತಂದಿತು.

ಪೋಕರ್‌ಗೆ ಕರ್ನಾಟಕ ಹೈಕೋರ್ಟಿನಲ್ಲಿ 2013ರಲ್ಲಿ ಕೌಶಲದ ಆಟವೆಂಬ ಗೌರವ ಸಿಕ್ಕಿತು. ಆನ್‌ಲೈನ್ ಹಣದಾಟ ನಿಷೇಧಿಸಲು ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿ 14ರಂದು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಮಳೆಗಾಲದಲ್ಲಿ ನೆಟ್‌ವರ್ಕು ನಿಲ್ಲದ ಮಲೆನಾಡಿನ ಮೂಲೆಗಳಲ್ಲಿ ಆ ನಿಷೇಧ ಪ್ರಕೃತಿಯಿಂದಲೇ ಮೊದಲಿನಿಂದ ಜಾರಿಯಲ್ಲಿತ್ತು. ರಸ್ತೆಬದಿಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಜೂಜಾಡುವವರಿಗೆ ಕರ್ನಾಟಕ ಪೊಲೀಸ್ ಕಾಯ್ದೆಯ 87ನೆಯ ಕಲಮು ಇದೆ. ಆ ಕಲಮಿನಲ್ಲಿ ಬ್ಲೈಂಡ್‌ಗೂ ನೋಡಿದವನಿಗೂ ಭೇದವಿಲ್ಲ, ಪ್ಯಾಕ್ ಮಾಡಿ ಚಾ ತರಲು ಹೋದವನು ಮಾತ್ರ ತಪ್ಪಿಸಿಕೊಳ್ಳುತ್ತಾನೆ. ಸೂತ್ರಕಾರರ ದೂರದೃಷ್ಟಿ ಇಲ್ಲಿ ಕಾಣುತ್ತದೆ.

10. ಪ್ರಯೋಜನ

ಕೊಟ್ಟ ಮಾತಿನಂತೆ ಈಗ ಪ್ರಯೋಜನ. ಗಣಿತ ಕಾಂಡದ ವಿಧಿಯನ್ನು ಚಾಚೂ ತಪ್ಪದೆ ಪಾಲಿಸುವವನು ನಾಲ್ಕು ಆಟಕ್ಕೆ ಸುಮಾರು ನಲವತ್ತು ರೂಪಾಯಿ ಗಳಿಸುತ್ತಾನೆ. ಆದರೆ ಈ ಲಾಭ ಬರುವುದು ಉಳಿದ ನಾಲ್ವರು ಶಾಸ್ತ್ರ ತಿಳಿಯದೆ ಕುರುಡಾಗಿ ಕೂರುವುದರಿಂದ. ಅವರೂ ಇದನ್ನು ಓದಿದರೆಂದು ಇಟ್ಟುಕೊಳ್ಳಿ. ಐವರೂ ಎಲೆ ನೋಡುತ್ತಾರೆ. ಜೋಡಿ ಇಲ್ಲದವರು ಬಿಡುತ್ತಾರೆ. ನಾಲ್ಕಕ್ಕೆ ಸುಮಾರು ಒಂದು ಆಟದಲ್ಲಿ ಐವರಲ್ಲಿ ಯಾರಿಗೂ ಜೋಡಿ ಬಾರದೆ ಎಲ್ಲರೂ ಬಿಡಬೇಕಾಗುತ್ತದೆ. ಬೂಟಿನ ಐವತ್ತು ರೂಪಾಯಿ ಚಾಪೆಯ ಮಧ್ಯೆ ಅನಾಥವಾಗಿ ಬೀಳುತ್ತದೆ, ಚಾ ತರಲು ಐವರೂ ಒಟ್ಟಿಗೆ ಒಳಗೆ ಹೋಗುತ್ತಾರೆ.

ಆದ್ದರಿಂದ ಈ ಗ್ರಂಥದ ವಿನಿಯೋಗದಲ್ಲಿ ಕಟ್ಟುನಿಟ್ಟು ಅಗತ್ಯ. ಒಂದು ಚಾಪೆಗೆ ಒಂದೇ ಪ್ರತಿ. ಓದಿದವರು ಇಬ್ಬರು ಒಂದೇ ಮನೆಯಲ್ಲಿ ಸೇರಿದರೆ, ವಯಸ್ಸಿನಲ್ಲಿ ಕಿರಿಯನಾದವನು ಓದಿದ್ದನ್ನು ಮರೆತವನಂತೆ ಮೊದಲ ಸುತ್ತು ಬ್ಲೈಂಡ್ ಹಾಕತಕ್ಕದ್ದು.